ಲಾರಿಯವರ ವಜೀಫಾ

ಮಸ್ಕಿ, ಫಸಲಿ ೧೩೫೬

ಲಿಂಗಸುಗೂರಿನ ಸಾವ್ಕಾರ ಮಾಳಿಂಗಪ್ಪನವರಿಗೆ ತಮ್ಮ ಲಾರಿ ನಡೆಸುವ ಯಂಕೋಬನ ಶರಣು.

ಹಳೆ ಲಾರಿಗೆ ವಜೀಫಾ ಕೊಟ್ಟು ಗುಜರಿಯವನಿಗೆ ಒಪ್ಪಿಸು ಎಂದು ಹೇಳಿ ಕಳಿಸಿದ್ದೀರಿ. ತಮ್ಮ ತಂದೆಯವರೂ ತಹಸೀಲು ಕಚೇರಿಯ ನೌಕರಿ ಮುಗಿಸಿ ವಜೀಫಾ ಪಡೆದವರು. ಅವರನ್ನು ಯಾರೂ ಸುತ್ತಿಗೆಯಿಂದ ಬಡಿದು ತೂಕಕ್ಕೆ ಮಾರಲಿಲ್ಲ. ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಹಗುರ ಕೆಲಸ ಕೊಟ್ಟಿರಿ.

ಲಾರಿಯವರೂ (ವಯಸ್ಸಾದವರು, ಏಕವಚನ ಬಾಯಿಗೆ ಬರುವುದಿಲ್ಲ) ಹಾಗೇ ನಡೆದುಕೊಂಡಿದ್ದಾರೆ. ಹರೆಯದಲ್ಲಿ ಹತ್ತಿಯ ಅಂಡಿಗೆ ಹೊತ್ತು ರಾಯಚೂರಿಗೆ ಓಡಿದರು. ಮೈ ಇಳಿದ ಮೇಲೆ ಜೋಳದ ಚೀಲ ಹೊತ್ತು ಸಿಂಧನೂರಿನವರೆಗೆ ಸಾಕೆಂದರು. ಈಗ ಲಿಂಗಸುಗೂರು ಸಂತೆಗೆ ಮಸ್ಕಿಯ ಮಣ್ಣಿನ ಗಡಿಗೆಗಳನ್ನು ಒಯ್ಯುತ್ತಾರೆ, ಒಂದೂ ಒಡೆಯದಂತೆ. ಕಳೆದ ಸಂತೆಗೆ ತಮ್ಮ ಹೊಸ ಲಾರಿ ಅದೇ ಗಡಿಗೆ ಒಯ್ದು ಬರೀ ಚೂರು ಇಳಿಸಿತು. ಕುಂಬಾರ ಗದ್ದೆಮ್ಮ ನನ್ನನ್ನು ಹಾದಿಯಲ್ಲೇ ತಡೆದಳು.

"ನಿಮ್ಮ ಹೊಸಾದು ಆಡಿನ ಮರಿ ಜಿಗದಂಗ ಜಿಗೀತೈತಲೋ ಯಂಕೋಬ! ನಮ್ಮ ಮುದುಕಪ್ಪನ್ನ ಕಳಸು. ತೊಟ್ಟಿಲಾ ತೂಗಿದಂಗ ಒಯ್ತಾನ."

"ಅವನ್ನ ಮುರಿಯಾಕ ಕೊಡತಾರಂತ ಬೇ."

"ಹಂಗಾದ್ರ ಉಳಿದ ಗಡಿಗೀನೂ ಸಾವ್ಕಾರ್ರ ಅಂಗಳದಾಗ ತಂದು ಒಡೀತೀನಿ ಅಂತ ಹೇಳು."

ಹೇಳಿದ್ದೇನೆ. ಆದಕಾರಣ ಗುಜರಿಯವನನ್ನು ಬರಬೇಡವೆನ್ನಿ, ಒಂದು ಡಬ್ಬಿ ಎಣ್ಣೆ ಕಳಿಸಿ. ಕನಿಕರ ಉಕ್ಕಿ ಬಂದರೂ ಹೊಸ ಸ್ಪ್ರಿಂಗು ಮಾತ್ರ ಹಾಕಿಸಬೇಡಿ. ಕುಸಿದ ಆ ಸ್ಪ್ರಿಂಗು ಇಷ್ಟು ಮೆತ್ತಗಾಗಲು ಲಾರಿಯವರಿಗೆ ಇಡೀ ಆಯುಷ್ಯವೇ ಹಿಡಿದಿದೆ.

ತಮ್ಮ ಉಪ್ಪುಂಡ,
ಯಂಕೋಬ