ಮಾಧುರಿಯ ಡೌಟುಗಳು

ಪಾಯಿಂಟ್ ಕುಕ್, ಮೆಲ್ಬೋರ್ನ್
೧೨ ಆಗಸ್ಟ್ ೨೦೨೫, ಮಂಗಳವಾರ

ಮುದ್ದಿನ ಮಗಳು ಮಧುಗೆ,

ಹೇಗಿದ್ದೀಯಮ್ಮ? ಇದಕ್ಕೆ ನೀನು ‘ಫೈನ್’ ಅನ್ನುತ್ತೀಯ ಎಂದು ಗೊತ್ತು, ಆದ್ದರಿಂದ ಬಿಡಿಬಿಡಿಯಾಗಿ ಕೇಳುತ್ತೇನೆ. ಬೆಳಿಗ್ಗೆ ಏಳುತ್ತಿದ್ದೀಯಾ? ತಲೆಗೆ ನೀರು ಹಾಕಿಕೊಂಡೆಯಾ? ಅನ್ನ ಮಾಡಿಕೊಳ್ಳುತ್ತೀಯೋ, ಬರೀ ಬ್ರೆಡ್ಡೋ? ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಚಳಿಗೆ ಸ್ವಲ್ಪ ಜಾಸ್ತಿಯಾಗಿದೆ. ಇಡ್ಲಿ ಹಿಟ್ಟು ಹುದುಗು ಬರುತ್ತಿಲ್ಲವೆಂದು ಓವನ್ನಿನೊಳಗಿಟ್ಟು ಲೈಟ್ ಹಾಕಿದ್ದಾಳೆ. ಗಳಿಗೆಗೊಮ್ಮೆ ಬಾಗಿಲು ತೆಗೆದು ನೋಡಿ ಇದ್ದ ಬಿಸಿಯನ್ನೂ ಕಳೆಯುತ್ತಾಳೆ. ಫೋನನ್ನೂ ಹಾಗೆಯೇ, ಇಡೀ ದಿನ ತೆಗೆದು ತೆಗೆದು ನೋಡುತ್ತಾಳೆ. ನನಗೆ ಇವತ್ತು ಮನೆಯಿಂದ ಕೆಲಸ. ಪೇರೋಲ್ ಸಾಫ್ಟ್‌ವೇರ್ ತೆರೆದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಡುನಡುವೆ ಮೌಸ್ ಅಲ್ಲಾಡಿಸದಿದ್ದರೆ ಎದ್ದು ಹೋದೆನೆಂದು ಆಫೀಸಿನವರಿಗೆ ಕಾಣುತ್ತದೆ, ಅಕ್ಷರ ವಕ್ರವಾದರೆ ಬೈಯಬೇಡ.

ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದರೆ, ಇಂಗ್ಲಿಷಿನಲ್ಲಿ ಬರೆದರೆ ನೀನು ಒಮ್ಮೆ ಕಣ್ಣಾಡಿಸಿ ಪಕ್ಕಕ್ಕಿಡುತ್ತೀಯ. ಕನ್ನಡವಾದರೆ ಭಾನುವಾರದ ಕನ್ನಡ ಶಾಲೆಯಲ್ಲಿ ಓದುತ್ತಿದ್ದ ಹಾಗೆ ಬೆರಳಿಟ್ಟು ಓದಬೇಕು, ಒತ್ತಕ್ಷರ ಬಂದಲ್ಲಿ ನಿಲ್ಲಬೇಕು. ಅಷ್ಟು ಹೊತ್ತಾದರೂ ನೀನು ನಮ್ಮ ಜೊತೆ ಇರುತ್ತೀಯ. ಫೋನ್ ಎತ್ತುತ್ತಿಲ್ಲ. ಮೆಸೇಜ್ ಓದುತ್ತೀಯ, ಉತ್ತರವಿಲ್ಲ. ಮೊನ್ನೆ ನಿನ್ನ ರೂಮ್‌ಮೇಟ್ ಆದ್ಯಾ ಅಮ್ಮನಿಗೆ ಫೋನ್ ಮಾಡಿದ್ದಳು. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ, ಪಾಪ, ಹೆದರಿ ಮಾಡಿದ್ದು. ನೀನು ಯೂನಿವರ್ಸಿಟಿಗೆ ಹೋಗುತ್ತಿಲ್ಲ, ಊಟ ಸರಿಯಿಲ್ಲ, ರೂಮಿನ ಪರದೆ ಸರಿಸುವುದಿಲ್ಲ ಎಂದಳು. ಆನರ್ಸ್ ಥೀಸಿಸ್ಸಿನ ಲೆಕ್ಕದಲ್ಲಿ ಶುರುವಿನಲ್ಲೇ ಎಲ್ಲೋ ಪ್ಲಸ್ ಇರಬೇಕಾದ ಕಡೆ ಮೈನಸ್ ಬಿದ್ದು, ಅಲ್ಲಿಂದ ಮುಂದೆ ಮಾಡಿದ್ದೆಲ್ಲ ಹೋಯಿತಂತೆ. ಅಮ್ಮ ಫೋನಿಟ್ಟು, ‘ಒಂದು ಮೈನಸ್ಸಿಗೆ ಯಾರಾದ್ರೂ ಊಟ ಬಿಡ್ತಾರೇನ್ರೀ?’ ಎಂದು ನನ್ನನ್ನು ಕೇಳಿದಳು. ಬಿಕಾಂ ಓದಿದವನು ನಾನು, ಏನು ಹೇಳಲಿ?

ಈಗ ಮಾಧುರಿಯ ವಿಷಯ. ನೀನು ಸಿಡ್ನಿಗೆ ಹೋದ ಹೊಸದರಲ್ಲಿ ನಮ್ಮ ಮಾತು ಒಂದು ನಿಮಿಷಕ್ಕೆ ಮುಗಿಯುತ್ತಿತ್ತು, ನೆನಪಿದೆಯಾ? ಊಟ ಆಯ್ತಾ, ಆಯ್ತು. ಚಳಿ ಇದೆಯಾ, ಇದೆ. ಸರಿ ಪಪ್ಪಾ, ಬೈ. ಹೀಗಿರುವಾಗ ಒಂದು ದಿನ ನಾನು, ನಮ್ಮ ಆಫೀಸಿನ ಶಿವಪುತ್ರಪ್ಪನ ಮಗಳು ಮಾಧುರಿ ಅಂತ, ಇಲ್ಲೇ ಹತ್ತಿರದ ಟ್ರುಗನಿನಾದವಳು, ಸ್ಕೂಲಿನಲ್ಲಿ ಇಯರ್ ಇಲೆವೆನ್, ಅವಳಿಗೊಂದು ಡೌಟಿದೆಯಂತೆ, ವೆಕ್ಟರ್ ಅಂದರೆ ಏನು ಎಂದು ಕೇಳಿದೆ. ನೀನು ಮುಕ್ಕಾಲು ಗಂಟೆ ಮಾತಾಡಿದೆ! ‘ಬಾಣ ಅನ್ನೋದನ್ನ ಮರೆತುಬಿಡೋಕೆ ಹೇಳು ಪಪ್ಪಾ ಅವಳಿಗೆ. ಒಂದಕ್ಕೊಂದು ಕೂಡಿಸಬಹುದಾ, ನಂಬರ್‌ನಿಂದ ಗುಣಿಸಬಹುದಾ, ಅಷ್ಟು ನೋಡಿದ್ರೆ ಸಾಕು’ ಎಂದೆ. ಅಂದಿನಿಂದ ಭಾನುವಾರ ಬಂತೆಂದರೆ ಮಾಧುರಿಯ ಡೌಟು. ಅಮ್ಮನೂ ಸ್ಪೀಕರ್ ಹಾಕಿಸಿಕೊಂಡು ಬೀನ್ಸ್ ಬಿಡಿಸುತ್ತಾ ಕೇಳುತ್ತಿದ್ದಳು, ಒಂದಕ್ಷರ ತಿಳಿಯದಿದ್ದರೂ. ಒಮ್ಮೆ ನಾನು, ಮಾಧುರಿ ಫ್ರೀವೇ ಟ್ರಾಫಿಕ್ಕಿನಲ್ಲಿ ಇದನ್ನೇ ಯೋಚಿಸುತ್ತಿದ್ದಳಂತೆ ಎಂದೆ. ‘ಇಯರ್ ಇಲೆವೆನ್ ಹುಡುಗಿ ಆಫೀಸ್ ಟೈಮಲ್ಲಿ ಫ್ರೀವೇ ಮೇಲೆ ಏನ್ ಮಾಡ್ತಿದ್ಲು?’ ಎಂದು ನೀನು ಬಿದ್ದು ಬಿದ್ದು ನಕ್ಕೆ. ಅವರಪ್ಪ ಕೂರಿಸಿಕೊಂಡು ಹೋಗಿದ್ದರು ಎಂದು ಏನೋ ಹೇಳಿ ಪಾರಾದೆ.

ಅವಳಿಗೆ ನೀನು ಹೇಳಿದ ಬುದ್ಧಿಮಾತೆಲ್ಲ ನನಗೆ ಬಾಯಿಪಾಠ. ಕ್ವಾಂಟಮ್ ಎಂದು ಹಾರುವ ಮುಂಚೆ ಲೀನಿಯರ್ ಆಲ್ಜೀಬ್ರಾ ಗಟ್ಟಿ ಮಾಡಿಕೊಳ್ಳಬೇಕು. ವಿಡಿಯೊ ನೋಡಿ ಅರ್ಥವಾಯಿತು ಅಂದುಕೊಳ್ಳಬಾರದು, ಪೆನ್ ಹಿಡಿದು ಬಿಡಿಸಿದಾಗಲೇ ಗೊತ್ತಾಗುವುದು. ಉತ್ತರದ ಪುಟ ತಿರುಗಿಸುವ ಮೊದಲು ಸಿಕ್ಕಿಹಾಕಿಕೊಂಡು ಕೂರುವುದನ್ನು ಕಲಿಯಬೇಕು, ಫಿಸಿಕ್ಸ್ ಮಾಡುವವರು ಹೆಚ್ಚಿನ ಕಾಲ ಹಾಗೇ ಇರುತ್ತಾರೆ. ‘ಆದ್ರೆ ಒಬ್ಬಳೇ ಕೂರಬಾರದು ಪಪ್ಪಾ. ಎಲ್ಲಿ ಸ್ಟಕ್ ಆಗಿದೀನಿ ಅಂತ ಯಾರಿಗಾದ್ರೂ ಹೇಳ್ಬೇಕು. ಕೇಳೋರಿಗೆ ಅರ್ಥ ಆಗದಿದ್ರೂ ಪರವಾಗಿಲ್ಲ, ಹೇಳ್ತಾ ಹೇಳ್ತಾ ನಮಗೇ ದಾರಿ ಕಾಣುತ್ತೆ.’ ಇದು ನಿನ್ನ ಬಾಯಿಂದಲೇ ಬಂದ ಮಾತು. ಸಿಮೆಟ್ರಿಯ ಪಾಠವಂತೂ ನನಗೆ ಬಹಳ ಹಿಡಿಸಿತ್ತು. ನಿಯಮಗಳು ಇವತ್ತಿದ್ದಂತೆ ನಾಳೆಯೂ ಇರುವುದರಿಂದಲೇ ಎನರ್ಜಿ ಎಲ್ಲೂ ಕಳೆದುಹೋಗುವುದಿಲ್ಲ, ಪಾಯಿಂಟ್ ಕುಕ್‌ನಲ್ಲಿದ್ದಂತೆ ಸಿಡ್ನಿಯ ನಿಮ್ಮ ಗಿರಾವೀನ್‌ನಲ್ಲೂ ಇರುವುದರಿಂದಲೇ ಮೊಮೆಂಟಮ್ ಉಳಿಯುತ್ತದೆ ಎಂದಿದ್ದೆ. ಇದನ್ನು ನಾನು ದೊಡ್ಡ ಮೇಷ್ಟರ ಹಾಗೆ ಅಮ್ಮನಿಗೂ ವಿವರಿಸಿದ್ದೆ. ಆದ್ಯಾಳ ಫೋನ್ ಬಂದ ಮೇಲೆ ಅಮ್ಮ ಅದನ್ನೇ ಹಿಡಿದು ಕೂತಿದ್ದಾಳೆ. ‘ಇಲ್ಲಿದ್ದ ಹಾಗೇ ಅಲ್ಲೂ ಅಂದಿದ್ಳಲ್ರೀ. ಇಲ್ಲಿ ನಗ್ತಿದ್ದ ಮಗು ಅಲ್ಲಿ ಯಾಕೆ ಹೀಗಾಯ್ತು?’ ಎಂದು ಕೇಳುತ್ತಾಳೆ.

ನಿನ್ನ ಕೊನೆಯ ಮೆಸೇಜ್ ಬಂದು ಎರಡು ವಾರದ ಮೇಲಾಯಿತು. ‘ಮಾಧುರಿಗೆ ಫಿಸಿಕ್ಸ್ ಬೇಡ ಅಂತ ಹೇಳು ಪಪ್ಪಾ. ಎಲ್ಲರೂ ಅವಳನ್ನ ಸ್ಮಾರ್ಟ್ ಅಂತಾರೆ, ಅವಳೂ ನಂಬ್ತಾಳೆ, ಆಮೇಲೆ ಒಂದಿನ ಅಲ್ಲ ಅಂತ ಗೊತ್ತಾಗುತ್ತೆ.’ ಅದಕ್ಕೆ ಉತ್ತರ ಬರೆದು ಬರೆದು ಅಳಿಸಿದೆ. ಏನು ಬರೆದರೂ ಸುಳ್ಳು ಧೈರ್ಯ ಹೇಳಿದ ಹಾಗೆ ಕಾಣುತ್ತಿತ್ತು. ಆ ಮೈನಸ್ ಎಲ್ಲಿ ಬಿತ್ತೆಂದು ಹುಡುಕಿಕೊಡಲು ನನಗೆ ಬರುವುದಿಲ್ಲ. ನಿನ್ನ ಪ್ರೊಫೆಸರ್ ಹತ್ತಿರ ಮಾತಾಡೋಣವೆಂದರೆ, ಇಷ್ಟು ದೊಡ್ಡ ಮಗಳ ಪರವಾಗಿ ಅಪ್ಪ ಫೋನ್ ಮಾಡಿದರೆ ಈ ದೇಶದಲ್ಲಿ ಅವರು ಮಾತೇ ಆಡುವುದಿಲ್ಲವಂತೆ. ಡಾಕ್ಟರ್ ಹತ್ತಿರ ಹೋಗಮ್ಮ ಎಂದು ಹೇಳೋಣವೆಂದರೆ ನೀನು ಫೋನೇ ಎತ್ತುವುದಿಲ್ಲ. ಅಪ್ಪ ಎನಿಸಿಕೊಂಡವನಿಗೆ ಏನಾದರೊಂದು ಮಾಡಲು ಬರಬೇಕಿತ್ತು. ನನಗೆ ಏನೂ ತೋಚುತ್ತಿಲ್ಲ, ಭಯವಾಗುತ್ತಿದೆ. ಥೀಸಿಸ್ ಬರೆ, ಬಿಡು, ಬೇಕಾದರೆ ಫಿಸಿಕ್ಸನ್ನೇ ಬಿಡು, ಅದು ನಿನ್ನಿಷ್ಟ. ಆ ಪರದೆಯನ್ನೊಂದು ಸರಿಸು ಕಂದ.

ಅಮ್ಮ ಪಕ್ಕದಲ್ಲೇ ನಿಂತು ‘ಹೊಟ್ಟೆ ತುಂಬಾ ತಿನ್ನು ಅಂತ ಬರೀರಿ’ ಎನ್ನುತ್ತಿದ್ದಾಳೆ, ಬರೆದಿದ್ದೇನೆ. ಆದ್ಯಾಳಿಗೆ ನಮ್ಮಿಬ್ಬರ ಪ್ರೀತಿ ತಿಳಿಸು. ನೂರು ವರ್ಷ ಸುಖವಾಗಿ ಬಾಳು, ಅದಕ್ಕೂ ಮೊದಲು ಈ ವಾರ ನೆಟ್ಟಗೆ ನಿದ್ದೆ ಮಾಡು.

ನಿನ್ನ,
ಪಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ನಿನ್ನ ಮೆಸೇಜನ್ನು ಮಾಧುರಿಗೆ ತಿಳಿಸಲಾಗಲಿಲ್ಲ, ಯಾಕೆಂದರೆ ಮಾಧುರಿ ಎನ್ನುವವಳು ಇಲ್ಲ. ಶಿವಪುತ್ರಪ್ಪನಿಗಿರುವುದು ಇಬ್ಬರು ಗಂಡುಮಕ್ಕಳು, ಇಬ್ಬರಿಗೂ ಫುಟಿ ಆಟ ಬಿಟ್ಟರೆ ಬೇರೇನೂ ಬೇಡ. ನಿನ್ನನ್ನು ಮಾತಾಡಿಸಲು ಬೇರೆ ದಾರಿ ಕಾಣದೆ ನಿನ್ನ ಹೆಸರನ್ನೇ ಒಂಚೂರು ತಿರುಚಿ ಅವಳನ್ನು ಹುಟ್ಟಿಸಿದೆ: ಮಧುರಾ, ಮಾಧುರಿ. ಡೌಟುಗಳೆಲ್ಲ ನನ್ನವು, ಆ ಫ್ರೀವೇ ಕೂಡ. ವೆಕ್ಟರ್ ನನಗೆ ಇವತ್ತಿಗೂ ಬಾಣವೇ. ಶನಿವಾರ ಬೆಳಗಿನ ಫ್ಲೈಟ್ ಬುಕ್ ಮಾಡಿದ್ದೇನೆ. ಬಾಗಿಲು ತೆಗೆ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀಯ ಎಂದು ಮೊದಲಿನಿಂದ ಹೇಳು. ನನಗೆ ಅರ್ಥವಾಗುವುದಿಲ್ಲ, ಡೌಟ್ ಕೇಳುತ್ತೇನೆ.