ಹುಣಸೆತೋಪಿನ ಅಂಗಳದ ಮಣ್ಣು

ಹುಣಸೆತೋಪು ಬಡಾವಣೆ,
ಹೊದಿಕೆ ವರ್ಷ ನಲವತ್ತು. ನಿಮ್ಮ ಲೆಕ್ಕಕ್ಕೆ ಕ್ರಿ.ಶ. ೨೧೯೧

ನಮ್ಮ ಬೀದಿಯಲ್ಲಿ ಮೊದಲು ಮನೆ ಕಟ್ಟಿಸಿದವರಿಗೆ,

ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ.

ಹೊದಿಕೆ ಎಂದರೆ ಅಂಗಳ, ಆಟದ ಬಯಲು, ಮರದ ಬುಡ ಎಲ್ಲವನ್ನೂ ಮುಚ್ಚಿರುವ ಬೂದುಬಣ್ಣದ ಹಾಳೆ; ಅದನ್ನು ಹಾಸಿದ ವರ್ಷದಿಂದ ನಮ್ಮ ವರ್ಷದ ಲೆಕ್ಕ. ಅದರ ಕೆಳಗಿನ ಮಣ್ಣಿನಲ್ಲಿ ಸೀಸವಿದೆ. ನಿಮ್ಮ ಕಾಲದಲ್ಲಿ ಬೀದಿಯ ಕೊನೆಯ ಶೆಡ್ಡಿನಲ್ಲಿ ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಕಣ್ಣು ಉರಿದಾಗ ನೀವು ಕಿಟಕಿ ಮುಚ್ಚಿಕೊಂಡಿರಿ, ಅಷ್ಟೇ. ಹೊಗೆ ಹೋಯಿತು, ಸೀಸ ಮಣ್ಣಿಗಿಳಿದು ಉಳಿಯಿತು. ಅದು ಕೊಳೆಯುವುದಿಲ್ಲ. ನಾವು ಸೊಪ್ಪು ಬೆಳೆಯುವುದು ಮಹಡಿಯ ಮೇಲಿನ ತೊಟ್ಟಿಗಳಲ್ಲಿ, ದೂರಮಣ್ಣಿನಲ್ಲಿ, ಅಂದರೆ ಬೆಟ್ಟದಾಚೆಯಿಂದ ತರಿಸಿದ ಮಣ್ಣಿನಲ್ಲಿ. ಮನೆಗೆ ಬಂದವರು ಕಾಲಿನ ಜೊತೆ ಚಪ್ಪಲಿಯ ಅಟ್ಟೆಯನ್ನೂ ತೊಳೆಯಬೇಕು. ಗೋಲಿಯಾಟಕ್ಕೆ ಗುಳಿ ತೋಡುವುದು ಹೇಗೆಂದು ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟೆ. ಬೆಂಚಿನ ಮೇಲೆ ಕೂರಲಾಗುತ್ತಿರಲಿಲ್ಲ. ಸೀಸ ರಕ್ತಕ್ಕೆ ಸೇರಿದರೆ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದಾಗ ಅಮ್ಮನಿಗೆ ಸಮಾಧಾನವಾಯಿತು. ನನಗಾಗಲಿಲ್ಲ. ನನಗೆ ಪಾಠವೂ ಇಷ್ಟವಿರಲಿಲ್ಲ. ಅದನ್ನೂ ನಿಮ್ಮ ತಲೆಗೆ ಕಟ್ಟಿದರೆ ಸುಳ್ಳಾಗುತ್ತದೆ. ಆದರೆ ನನ್ನ ಸಿಟ್ಟಿನಲ್ಲಿ ನನ್ನದೆಷ್ಟು, ಸೀಸದ್ದೆಷ್ಟು ಎಂದು ತಿಳಿಯುವ ದಾರಿಯನ್ನೇ ನೀವು ಉಳಿಸಲಿಲ್ಲ.

ಈಗ ನನ್ನಕ್ಕ ಹೊನ್ನಮ್ಮ ಬಸುರಿ. ಅವಳಿಗೆ ಮಣ್ಣಿನ ಬಯಕೆ. ಮೊನ್ನೆ ಮಳೆ ನಿಂತ ಮೇಲೆ ಹೊದಿಕೆಯ ಅಂಚು ಎತ್ತಿ, ಬೆರಳಿಗೆ ಮಣ್ಣು ಮೆತ್ತಿಕೊಂಡು ಚೀಪುತ್ತಿದ್ದಳು. ಓಡಿಹೋಗಿ ಕೈ ಹಿಡಿದೆ.

"ಒಂದ್ ಚಿಟಿಕೆ ಕಣೇ. ನೀನೇನ್ ನಮ್ಮತ್ತೆನಾ, ಹಿಂಗ್ ಕಾಯೋಕೆ?"

"ಉಗಿ ಅಕ್ಕ ಮೊದ್ಲು. ದೂರಮಣ್ಣು ತಂದ್ಕೊಡ್ತೀನಿ."

"ಅದನ್ನೂ ತಿಂದ್ ನೋಡ್ದೆ. ಬರೀ ಸಪ್ಪೆ. ಇದರ ಘಮಾನೇ ಬೇರೆ. ನಮ್ಮನೆ ಮಣ್ಣು ಕಣೇ ಇದು."

ತಾಯಿಯ ರಕ್ತಕ್ಕೆ ಸೇರಿದ ಸೀಸ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ಅವಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಉಗುಳಿದಳು, ಅತ್ತಳು, ಆಮೇಲೆ ಎರಡು ಕೈಯನ್ನೂ ಮುಂದೆ ಚಾಚಿ "ಕಟ್ಟಾಕ್ಬಿಡೇ" ಎಂದಳು. ಸೀಮಂತದ ಹಸಿರು ಬಳೆಗಳ ಮೇಲೆಯೇ ಬಟ್ಟೆಯ ಚೀಲ ತೊಡಿಸಿ ಬಿಗಿದೆ. ಊಟ ನಾನೇ ತಿನ್ನಿಸುತ್ತೇನೆ. ಹೆರಿಗೆಯವರೆಗೂ ಹೀಗೇ.

ನೀವು ಇದನ್ನು ಓದುವ ಹೊತ್ತಿಗೆ ಆ ಶೆಡ್ಡು ನಿಮ್ಮ ಬೀದಿಯಲ್ಲಿ ಇನ್ನೂ ನಡೆಯುತ್ತಿದೆ. ಹೋಗಿ ನಿಲ್ಲಿಸಿ. ನೀವು ಹೋಗುತ್ತೀರಿ ಎಂಬ ನಂಬಿಕೆ ನನಗಿಲ್ಲ. ಆದರೂ ಕೇಳುತ್ತಿದ್ದೇನೆ, ಏಕೆಂದರೆ ಅಮ್ಮ ಒಳಗೆ ಇನ್ನೆರಡು ಚೀಲ ಹೊಲಿಯುತ್ತಿದ್ದಾಳೆ, ತೀರ ಪುಟ್ಟವು, ಕೂಸು ಅಂಬೆಗಾಲಿಡುವ ದಿನಕ್ಕೆ.

ಚಿಕ್ಕತಾಯಿ