ಹೊಸ್ತಿಲು ಇಟ್ಟವರಿಗೆ ದಿಬ್ಬದಲ್ಲಿ ಜಾಗವಿಲ್ಲ

ದಾಂಡೇಲಿ, ಮೇ 1962

ನೆರೆ ಪರಿಹಾರದ ಮಾನ್ಯ ಅಧಿಕಾರಿಗಳೇ,

ಈ ಕತೆಯನ್ನು ನನಗೆ ಮೊದಲು ಹೇಳಿದವಳು ಕೆಳಗಿನಕೇರಿಯ ಶಿವಗಂಗವ್ವ, ಈ ಯುಗಾದಿಯ ಮರುದಿನ. ಒಂದೇ ಮಾತಿನಲ್ಲಿ ಹೇಳುವುದಾದರೆ, ಬಾಗಿಲಿಗೆ ಹೊಸ್ತಿಲಿದೆ ಎಂಬ ಕಾರಣಕ್ಕೆ ತಮ್ಮ ಕಚೇರಿ ಆ ಕೇರಿಯವರಿಗೆ ನೆರೆ ಮುಟ್ಟದ ದಿಬ್ಬದ ಮೇಲೆ ಮನೆ ಕಟ್ಟಿಕೊಳ್ಳುವ ಜಾಗವನ್ನು ನಿರಾಕರಿಸಿದೆ. ಮಳೆಗಾಲ ಬಂದರೆ ಹಳ್ಳ ಮತ್ತೆ ಅದೇ ಬಾಗಿಲಿಗೆ ಬರುತ್ತದೆ. ಶಿವಗಂಗವ್ವನ ಸೊಸೆ ಮಾಲವ್ವ ಬಸುರಿ. ಹೆರಿಗೆ ಆಷಾಢದಲ್ಲಿ.

ಹೋದ ಶ್ರಾವಣದಲ್ಲಿ ಹಳ್ಳ ಉಕ್ಕಿ ಕೇರಿಯ ಮಣ್ಣಿನ ಗೋಡೆಗಳೆಲ್ಲ ಕರಗಿಹೋದಾಗ ತಮ್ಮ ಕಚೇರಿ ತೀವ್ರ ಸಹಾನುಭೂತಿ ವ್ಯಕ್ತಪಡಿಸಿತು. ಸಹಾನುಭೂತಿಯ ಕೆಳಗೆ ಮಲಗಲು ಬರುವುದಿಲ್ಲವಾದ್ದರಿಂದ ದಾಂಡೇಲಿಯ ಚರ್ಚಿನವರು ಬಿದಿರು, ತಗಡು ಹೇರಿಕೊಂಡು ಹೊರಟರು. ಕೊರಳಲ್ಲಿ ಲಿಂಗವಿರುವ ನಾನು ಆ ಗುಂಪಿನಲ್ಲಿ ಏಕಿದ್ದೆ ಎಂದು ತಮಗೆ ಅನುಮಾನ ಬರಬಹುದು. ಕಾಗದದ ಕಾರ್ಖಾನೆಯಲ್ಲಿ ನನ್ನ ಪಾಳಿಯಲ್ಲೇ ದುಡಿಯುವ ಬಡಿಗ ದೇವಪುತ್ರಪ್ಪ ಕರೆದ, ಹೋದೆ. ಕಲಸುವ ಮಣ್ಣು ಕೈ ಯಾರದೆಂದು ಕೇಳಲಿಲ್ಲ. ಪಾದ್ರಿಗಳು ಬೆಳಿಗ್ಗೆ ಪ್ರಾರ್ಥನೆ ಮಾಡುತ್ತಿದ್ದರು, ಆಮೇಲೆ ನಮ್ಮೆಲ್ಲರಿಗಿಂತ ಹೆಚ್ಚು ಬುಟ್ಟಿ ಹೊರುತ್ತಿದ್ದರು.

ನಾವು ಕಟ್ಟಿದ್ದು ಚಪ್ಪರ. ಸರ್ಕಾರ ಎತ್ತರದಲ್ಲಿ ಜಾಗ ಕೊಡುವವರೆಗೆ ತಲೆಯ ಮೇಲೊಂದು ನೆರಳು, ಅಷ್ಟೇ. ಕೆಲಸ ಮುಗಿಸಿ ಗಾಡಿ ಹೂಡುವಾಗ ಶಿವಗಂಗವ್ವ ಅಡ್ಡ ನಿಂತಳು.

“ಏ ಬಡಿಗ್ಯಾ, ಹೊಸ್ತಲಾ ಎಲ್ಲೈತೋ?”

“ಇದು ಮನಿ ಅಲ್ಲಬೇ ಯವ್ವಾ, ಚಪ್ಪರ. ಸರ್ಕಾರ ಜಾಗಾ ಕೊಡೂತನಕ ಅಷ್ಟ.”

“ಅಲ್ಲೀತನಕ ನಾಯಿ, ನರಿ, ದೆವ್ವಾ ಎಲ್ಲಾ ನೆಟ್ಟಗ ಒಳಗ ಬರ್ಲೇನು? ದೀಪಾವಳಿ ಬಂತು. ದೀಪಾ ಎಲ್ಲಿಡ್ಲಿ, ನಿನ್ನ ತಲಿ ಮ್ಯಾಲೇನು?”

“ತಲಿ ಬ್ಯಾಡಬೇ, ಎಣ್ಣಿ ಕಣ್ಣಾಗ ಇಳೀತೈತಿ,” ಎಂದು ನಗುತ್ತಾ ದೇವಪುತ್ರಪ್ಪ ಗಾಡಿಯಿಂದ ಉಳಿ ಇಳಿಸಿದ. ಒಬ್ಬಳಿಗೆ ಮಾಡಿಕೊಟ್ಟ ಮೇಲೆ ಕೇರಿಯ ಉಳಿದ ಹೆಂಗಸರು ಬಿಡುತ್ತಾರೆಯೇ? ಎಲ್ಲ ಬಾಗಿಲಿಗೂ ಮತ್ತಿಮರದ ಹೊಸ್ತಿಲು ಕೂತಿತು, ಅರಿಸಿನ ಕುಂಕುಮ ಏರಿತು.

ಫಾಲ್ಗುಣದಲ್ಲಿ ತಮ್ಮ ಕಚೇರಿಯ ಸಾಹೇಬರು ತನಿಖೆಗೆ ಬಂದರು. ಶಿವಗಂಗವ್ವನ ಚಪ್ಪರದೊಳಗೆ ಕಾಲಿಡುವಾಗ ಎಡವಿದರು.

“ಏನಿದು?”

“ಹೊಸ್ತಲಾರೀ, ಸಾಹೇಬರ. ಕಾಲ ಎತ್ತಿ ಇಡ್ರಿ.”

“ಹೊಸ್ತಲಾ ಐತಿ ಅಂದರ ಇದು ಮನಿ ಆತಲ್ಲ! ಮನಿ ಇದ್ದಾವರಿಗೆ ಮತ್ತೊಂದು ಜಾಗಾ ಯಾಕ?”

ಕಾಲಿನ ಬೆರಳಿಗೆ ತಗುಲಿದ ಪೆಟ್ಟಿನಿಂದ ಕಾನೂನಿನ ತತ್ವವೊಂದು ಹೊಳೆಯುವುದನ್ನು ನಾನು ಮೊದಲ ಸಲ ಕೇಳಿದೆ. ತಗಡಿನಡಿ ಗಾಳಿ ಹೊಕ್ಕರೆ ಹಾರುವ ಆ ಮಾಡು ಅವರಿಗೆ ಕಾಣಲಿಲ್ಲವೇ? ಹತ್ತು ಮಾರು ದೂರದ ಹಳ್ಳ ಕಾಣಲಿಲ್ಲವೇ? ಆದರೂ ಅವರು ನಿರ್ದಯಿಗಳಲ್ಲ. ಹೋಗುವಾಗ ಉಪಾಯವನ್ನೂ ಹೇಳಿಹೋದರು: ಹೊಸ್ತಿಲು ಕಿತ್ತುಹಾಕಿರಿ, ಚಪ್ಪರವೆಂದು ಬರೆಯುತ್ತೇನೆ, ಆದರೆ ಕೇರಿಗೆಲ್ಲ ಒಂದೇ ವರದಿ, ಒಂದು ಹೊಸ್ತಿಲು ಉಳಿದರೂ ಯಾರಿಗೂ ಜಾಗವಿಲ್ಲ.

ಉಳಿದವರು ಕೈಮುಗಿದು, ಕಣ್ಣೊರೆಸಿಕೊಂಡು ಕೀಳಲು ಸಿದ್ಧರಾದರು. ಶಿವಗಂಗವ್ವ ಆಗಲಿಲ್ಲ. ಬಸುರಿ ಇರುವ ಮನೆಯಲ್ಲಿ ನೆಲ ಅಗೆಯಬಾರದು, ಬಾಗಿಲು ಅಲುಗಿಸಬಾರದು ಎಂಬುದು ನಮ್ಮ ಕಡೆ ಎಳೆಯ ಮಗುವಿಗೂ ಗೊತ್ತು. ಮಾಲವ್ವನ ಮೊದಲ ಬಸಿರು ಹೊಟ್ಟೆಯಲ್ಲೇ ಹೋಗಿದೆ. ತವರಿನಲ್ಲಿ ಕರೆಯುವವರು ಯಾರೂ ಉಳಿದಿಲ್ಲ.

“ನಿನ್ನೊಂದು ಕಟ್ಟಿಗಿ ಸಲುವಾಗಿ ನಾವೆಲ್ಲಾ ಮುಳುಗೂಣೇನು?” ಎಂದು ಪಕ್ಕದ ಶಂಕ್ರವ್ವ ಜಗಳಕ್ಕೆ ನಿಂತಳಂತೆ.

“ಕಿತ್ತರ ಕೂಸು ಹೋಗತೈತಿ, ಬಿಟ್ಟರ ಹಳ್ಳ ಬರ್ತೈತಿ. ಎರಡರಾಗ ಒಂದು ನೀನ ಆರಸು,” ಎಂದಳಂತೆ ಶಿವಗಂಗವ್ವ. ಶಂಕ್ರವ್ವ ತನ್ನ ಬಾಗಿಲಿಗೆ ಹೋಗಿ ಕೂತಳಂತೆ. ಮಾನ್ಯರೇ, ಅವಳಿಗೆ ಆರಿಸಲಾಗದ್ದನ್ನು ತಾವು ಆರಿಸಿಕೊಡಬಲ್ಲಿರಾ?

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಇದನ್ನೆಲ್ಲ ನಮ್ಮ ಗುಂಪಿನವರಿಗೆ ಹೇಳಿದೆ. ಸಾಹೇಬರು ಎಡವಿದ ಕಡೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. “ನಾವು ಕಟ್ಟಿದ್ದ ಅವರನ್ನ ಕಟ್ಟಿ ಹಾಕೇತಿ,” ಎಂದ ದೇವಪುತ್ರಪ್ಪ.

ಮರುದಿನ ಬೆಳಿಗ್ಗೆ ನಮ್ಮ ಗುಂಪಿನವರು ಪಾಳಿ ತಪ್ಪಿಸಿ, ಗಾಡಿಗೆ ಬಿದಿರು ಹೇರಿ, ತಮ್ಮ ಅಪ್ಪಣೆಯಿಲ್ಲದೆ ದಿಬ್ಬ ಹತ್ತಿದರು. ಮಾಲವ್ವನ ಹೆರಿಗೆಗೆಂದು ಒಂದು ಕೋಣೆ ಎಬ್ಬಿಸಿದರು. ತಾವು ಮನೆ ಅನ್ನಬಾರದೆಂದು ಹೊಸ್ತಿಲು ಇಡಲಿಲ್ಲ. ಶಿವಗಂಗವ್ವ ಏದುಸಿರು ಬಿಡುತ್ತಾ ಮೇಲೆ ಬಂದು ಬಾಗಿಲ ಹೊರಗೇ ನಿಂತಳು. “ಚಲೋ ಕಟ್ಟೀರಿ ತಮ್ಮಾ. ಆದರ ಹೊಸ್ತಲಾ ಇಲ್ಲದಲ್ಲಿ ಬಾಣಂತೀನ ಹೆಂಗ ಮಲಗಸ್ಲಿ?” ಅಂದಳು. ಹೊಸ್ತಿಲಿಗಾಗುವ ಮತ್ತಿಯ ತುಂಡು ಗಾಡಿಯಲ್ಲಿಯೇ ಇತ್ತು. ಅದನ್ನು ಇಟ್ಟರೆ ಸರ್ಕಾರಿ ದಿಬ್ಬದ ಮೇಲೆ ಅವಳಿಗೆ ಎರಡನೆಯ ಮನೆಯಾಗುತ್ತದೆ. ಯಾರೂ ಅದನ್ನು ಇಳಿಸಲಿಲ್ಲ. ಅವಳು ಇಳಿದು ಹೋದಳು.

ಮೃಗಶಿರದ ಮಳೆ ಬೀಳುವ ಮೊದಲು ತಾವೇ ಬಂದು, ಕೆಳಗಿನ ಹೊಸ್ತಿಲುಗಳು ಇದ್ದಲ್ಲೇ ಇರುವಂತೆ, ದಿಬ್ಬವನ್ನು ಕೇರಿಯವರ ಹೆಸರಿಗೆ ಬರೆದುಕೊಡಿ. ಬರುವಾಗ ಕಾಲು ಎತ್ತಿ ಇಡಿ.

ಇಂತಿ,
ಚಪ್ಪರ ಕಟ್ಟಲು ಹೋಗಿ ಮನೆ ಕಟ್ಟಿಬಂದ ತಪ್ಪಿತಸ್ಥರಲ್ಲೊಬ್ಬ,
ಅಡಿವೆಯ್ಯ